ಹದಿನೈದು ಮೀಟರಿನಾಚೆ

ಕಾಯಾನಿಯ ಶೆಡ್ಡಿನಲ್ಲಿ ಬೆಳಗ್ಗೆ ಒಂಬತ್ತಾದರೂ ಕತ್ತಲೆ.
ಹಿಮ ತಳ್ಳುವ ಲಾರಿ ಬಾಗಿಲು ಕಳಚಿ ನಿಂತಿದೆ
ಹಲ್ಲು ಕೀಳಿಸಿಕೊಳ್ಳಲು ಬಾಯಿ ತೆರೆದವರ ಹಾಗೆ.

ನನ್ನ ಕೆಲಸ ಇಷ್ಟೇ:
ಯಾವ ಮೂಲೆ ಯಾವ ಮೂಲೆಗೆ
ಎಷ್ಟು ಬೇಗ ಹೇಳಬೇಕು,
ಹೇಳಲು ಎಂಥ ತಂತಿ.

ಯೂಸೊಗೆ ಇಪ್ಪತ್ತಮೂರು. ಎಲ್ಲಕ್ಕೂ ಹತ್ತು ಗಿಗಾಬಿಟ್ ಅನ್ನುತ್ತಾನೆ.
ಸೀಟಿಗೆ ಹತ್ತು. ವೈಪರಿಗೆ ಹತ್ತು.
ಕಾಫಿ ಲೋಟ ಇಡುವ ತೂತಿನ ದೀಪಕ್ಕೂ, ಕೇಳಿದರೆ, ಹತ್ತು.
'ನಾಳೆ ಬೇಕಾದೀತು.'
ನಾಳೆಗೆಂದು ಹೊತ್ತ ತಾಮ್ರ
ಇಂದೇ ಡೀಸೆಲ್ ಕುಡಿಯುತ್ತದೆ, ಮಾರಾಯ.

ಕಿಟಕಿ ಇಳಿಯಲು ಎಷ್ಟು ಮಾತು ಬೇಕು?
ಇಳಿ. ಏರು. ನಿಲ್ಲು.
ಬೆರಳು ಸಿಕ್ಕಿದೆ, ನಿಲ್ಲು.
ಹತ್ತು ಮೆಗಾಬಿಟ್ಟಿನ ಒಂದೇ ಜೋಡಿ ತಂತಿಗೆ
ಕಿಟಕಿ, ಕನ್ನಡಿ, ಬೀಗ ಎಲ್ಲ ಜೋತುಬೀಳಲಿ,
ಸೌನಾದ ಬೆಂಚಿನ ಮೇಲೆ ಬೆವರುವ ಅಣ್ಣತಮ್ಮಂದಿರ ಹಾಗೆ
ಒಬ್ಬ ಮುಗಿಸಿದ ಮೇಲೆ ಇನ್ನೊಬ್ಬ.
ಡ್ಯಾಶ್‌ಬೋರ್ಡಿಗೆ ನೂರು ಸಾಕು: ಬರಿಮೈ ಜೋಡಿ,
ಒಂದನ್ನೊಂದು ಸುತ್ತಿಕೊಂಡದ್ದೇ ಅದರ ರಕ್ಷೆ.

ಕ್ಯಾಮೆರಾದ ಸ್ವಭಾವವೇ ಬೇರೆ.
ಕಂಡದ್ದನ್ನೆಲ್ಲ ಸುರಿಯುತ್ತದೆ, ಕೇಳಿಸಿಕೊಳ್ಳುವುದು ಕಡಿಮೆ.
ಅದಕ್ಕೆ ಗಿಗಾಬಿಟ್ ಕೊಡಲೇಬೇಕು.

ಕ್ಯಾಬಿನ್ನಿನಿಂದ ಮರಳು ಚೆಲ್ಲುವ ಟ್ರೇಲರಿನ ಬಾಲದವರೆಗೆ
ಟೇಪು ಹಿಡಿದೆ. ಹತ್ತೊಂಬತ್ತು.
ಬರಿಮೈ ಜೋಡಿಗೆ ಹದಿನೈದು ಮೀಟರೇ ಗಡಿ.
ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು, ನಿಜ,
ಇಲ್ಲಿ ಕಾಲೇ ನಾಲ್ಕು ಮೀಟರು ಹೆಚ್ಚು.
ನಡುವೆ ಒಂದು ಸ್ವಿಚ್ ಕೂರಿಸಲೆ?
ಉಪ್ಪುಕೆಸರಿನಲ್ಲಿ ಅದಕ್ಕೊಂದು ಡಬ್ಬ,
ಡಬ್ಬಕ್ಕೊಂದು ಮುಚ್ಚಳ, ಮುಚ್ಚಳಕ್ಕೊಂದು ವಾಷರು,
ವಾಷರಿಗೊಂದು ಚಿಂತೆ.
ಬೇಡ. ಕವಚ ತೊಟ್ಟ ತಂತಿ ನಲವತ್ತು ಮೀಟರು ನಡೆದೀತು.
ದಪ್ಪ, ದುಬಾರಿ, ಬಾಗು ಅಂದರೆ ಮುನಿಸು.
ಅದನ್ನೇ ಬರೆದೆ. ಸಹಿ ಹಾಕಿದೆ.

ಜನವರಿ. ಸೊನ್ನೆಗಿಂತ ಮೂವತ್ತೊಂದು ಕೆಳಗೆ.
ತಾಪಿಯೊ ಲಾರಿ ಹಿಂದಕ್ಕೆ ತೆಗೆದ, ಮರಳಿನ ಮೋಟರು ತಿರುಗಿತು,
ಪರದೆ ಕಪ್ಪಾಯಿತು.
ಇರುಳ ಕಪ್ಪಲ್ಲ, ಸುದ್ದಿ ಬಾರದ ಕಪ್ಪು.
ಮೋಟರು ನಿಂತರೆ ಚಿತ್ರ ಬಂತು. ತಿರುಗಿದರೆ ಹೋಯಿತು.
ಯೂಸೊ ಚಳಿಯನ್ನು ಬೈದ.
ನಾನು ಚಿಪ್ಪನ್ನು ಬೈದೆ.
ತಾಪಿಯೊ ಯಾರನ್ನೂ ಬೈಯದೆ ಕುತ್ತಿಗೆ ಹೊರಚಾಚಿ
ಕಣ್ಣಿನಲ್ಲೇ ಹಿಂದೆ ನೋಡಿಕೊಂಡ.

ಹಿಲ್ಕಾ ಬಂದಳು,
ಈ ತಂತಿಕಟ್ಟನ್ನೆಲ್ಲ ಹಲಗೆಯ ಮೇಲೆ ಕಟ್ಟಿದವಳು.
ಕೈಗವಸಿನ ಎರಡು ಬೆರಳು ಕತ್ತರಿಸಿಕೊಂಡಿದ್ದಳು, ಮುಟ್ಟಿ ತಿಳಿಯಲೆಂದು.
ಬಾಲದ ಕನೆಕ್ಟರ್ ಬಿಚ್ಚಿ ಟಾರ್ಚು ಬಿಟ್ಟಳು.
ಹತ್ತೊಂಬತ್ತು ಮೀಟರು ಹೆಣೆದುಕೊಂಡೇ ಬಂದ ಎರಡು ಎಳೆ
ಮನೆ ಮುಟ್ಟುವಾಗ ಕೈಬಿಟ್ಟು
ಹೆಬ್ಬೆರಳಿನುದ್ದ ಬೇರೆ ಬೇರೆ ನಿಂತಿದ್ದವು, ಕವಚವೂ ಅಷ್ಟೇ ಹಿಂದೆ ಸರಿದು.
ಆ ಸಂದಿನಲ್ಲೇ ಹೊಕ್ಕಿತ್ತು ಮೋಟರಿನ ಗದ್ದಲ.

'ಬಿಚ್ಚಿದವಳು ನಾನೇ,' ಅಂದಳು.
'ಎಷ್ಟು ಬಿಚ್ಚಬೇಕೆಂದು ನಿನ್ನ ನಕ್ಷೆ ಹೇಳಲಿಲ್ಲ.'

ಆರು ಹಾಳೆ ನಕ್ಷೆ.
ವೇಗ ಇತ್ತು, ಉದ್ದ ಇತ್ತು, ಬಣ್ಣ ಇತ್ತು,
ಮೂಲೆಯಲ್ಲಿ ನನ್ನ ಹೆಸರು ಎರಡೆರಡು ಸಲ ಇತ್ತು.
ಅದೊಂದು ಇರಲಿಲ್ಲ.

ಅವಳು ತುದಿ ಕತ್ತರಿಸಿ ಹೊಸದಾಗಿ ಕಟ್ಟಿದಳು,
ಎಳೆ ಎಳೆಯನ್ನು ಹೊಸ್ತಿಲವರೆಗೂ ಬಿಡದ ಹಾಗೆ.
ನಾನು ಬಂಪರಿನ ಮೇಲೆ ಹಾಳೆ ಹರಡಿದೆ.
ಪೆನ್ನಿನ ಶಾಯಿ ಹೆಪ್ಪುಗಟ್ಟಿತ್ತು.
ಹಿಲ್ಕಾ ಕಿವಿಸಂದಿಯ ಪೆನ್ಸಿಲ್ ಕೊಟ್ಟಳು.
ಬರೆದೆ:
ಜೋಡಿ ಬಿಚ್ಚುವುದು ಹತ್ತು ಮಿಲಿಮೀಟರು ಮೀರಬಾರದು.

ಯೂಸೊ ಬಗ್ಗಿ ಓದಿದ.
'ಕೊನೆಗೂ ಹತ್ತು,' ಅಂದ.

ಮರಳಿನ ಮೋಟರು ತಿರುಗಿತು.
ಲಾರಿ ಹಿಂದಕ್ಕೆ ಬರತೊಡಗಿ, ನಿಂತು,
ಸಿಟ್ಟಿನಲ್ಲಿ ಹಾರ್ನ್ ಹೊಡೆಯಿತು.
ಬಾಲದ ಹಿಂದೆ ನಾವು ಮೂವರೂ ನಿಂತಿದ್ದೆವು.